ಬಿಡುಗಡೆಯಾದವರ ಹೆಸರು

ಶುಕ್ರವಾರ ಗೋಧಿರವೆ ಬೇಯಿಸಿ ಮೀನಿನ ಕುಸ್ಕುಸ್ ಮಾಡಿ, ದೊಡ್ಡ ತಟ್ಟೆಯನ್ನು ನಡುವೆ ಇಟ್ಟು, ಎಲ್ಲರೂ ಸುತ್ತ ಕೂತು ಮೊದಲ ಚಮಚ ಬಾಯಿಗಿಟ್ಟ ಮೇಲೆಯೇ ವಿದಾದ್ ಆ ಮಾತು ತೆಗೆದಳು. ಹಸಿದ ಹೊಟ್ಟೆಯಲ್ಲಿ ಹೇಳಿದ್ದರೆ ಅಪ್ಪ ಎದ್ದು ಹೋಗುತ್ತಿದ್ದ, ಉಂಡ ಮೇಲೆ ಹೇಳಿದ್ದರೆ ಅಣ್ಣ ಮಲಗಿಬಿಡುತ್ತಿದ್ದ. ಇದನ್ನೆಲ್ಲ ಯೋಚಿಸಿಕೊಂಡೇ ಮಗಳು ಕೂತಿದ್ದಾಳೆ ಎಂದು ಸಾಲ್ಹಾಗೆ ತಕ್ಷಣ ಗೊತ್ತಾಯಿತು.

ವಿದಾದ್ ಹೇಳಿದ್ದು ಇಷ್ಟು. ಪಕ್ಕದ ಮನೆ ಹಲ್ಲೂಮಾಳ ಅಂಗಳದಲ್ಲಿ ಕೇರಿಯವರೆಲ್ಲ ಸೇರಿದ್ದರು. ಎಲ್ಲ ಕಪ್ಪು ಜನರ ಮನೆಗಳವರೂ ಒಟ್ಟಾಗಿ ಕೋರ್ಟಿಗೆ ಹೋಗಿ, ಗುರುತಿನ ಚೀಟಿಯಲ್ಲಿರುವ ‘ಅತೀಗ್’ ಎಂಬ ಮಾತನ್ನು ತೆಗೆಸುವುದೆಂದು ತೀರ್ಮಾನವಾಗಿದೆ. ಈ ಮನೆಯವರೆಲ್ಲರ ಹೆಸರಿನ ಹಿಂದೆ ಇದ್ದದ್ದು ‘ಅತೀಗ್ ಬೆನ್ ರಹೂಮಾ’ ಎಂದು. ಬೆನ್ ರಹೂಮಾ ಮನೆತನದವರು ಬಿಡುಗಡೆ ಮಾಡಿದ ಆಳು ಎಂದು ಅದರ ಅರ್ಥ. ಮುತ್ತಜ್ಜನ ಕಾಲದಲ್ಲೇ ಆಳನ್ನು ಬಿಟ್ಟಿದ್ದರು. ಹೆಸರು ಮಾತ್ರ ಬಿಟ್ಟಿರಲಿಲ್ಲ.

“ಮನೆ ಹಿರೇ ಗಂಡಸು ಅರ್ಜಿ ಹಾಕ್ಬೇಕು. ಅಪ್ಪ ಹಾಕಿದ್ರೆ ಅಣ್ಣಂದೂ ನಂದೂ ತಾನಾಗೇ ಸರಿಹೋಗತ್ತೆ” ಎಂದಳು ವಿದಾದ್.

ಅಣ್ಣ ಶುಕ್ರಿ ಚಮಚ ಕೆಳಗಿಟ್ಟ. ಅವನು ಬೆನ್ ರಹೂಮಾ ಮನೆಯವರ ಖರ್ಜೂರದ ಲಾರಿ ಓಡಿಸುತ್ತಿದ್ದ. “ಆಮೇಲೆ ನನ್ನ ಕೈಯಿಂದ ಕೀಲಿ ಕಿತ್ಕೋತಾರಲ್ಲ, ಆಗ ಲಾರಿ ನೀನು ಓಡಿಸ್ತೀಯಾ?”

“ಈ ಗಾಬೆಸ್ ಊರಲ್ಲಿ ಲಾರಿ ಇರೋದು ಅವರ ಮನೇಲಿ ಮಾತ್ರನಾ?”

“ಕರಿಯನಿಗೆ ಕೀಲಿ ಕೊಡೋರು ಅವರು ಮಾತ್ರ.”

ಮೂಲೆಯಲ್ಲಿ ದಿಂಬಿಗೊರಗಿ ಕೂತಿದ್ದ ಅಜ್ಜಿ ಮನ್ನೂಬಿಯಾ, ಬಾಯಿಂದ ಮೀನಿನ ಮುಳ್ಳು ತೆಗೆಯುತ್ತ, ತನ್ನ ಪೂರ್ತಿ ಹೆಸರು ಹಿಡಿದು ಕರೆದವರು ಇಬ್ಬರೇ, ಒಂದು ಪೊಲೀಸಿನವರು, ಇನ್ನೊಂದು ಆಸ್ಪತ್ರೆಯವರು, ಎರಡು ಕಡೆಯೂ ಒಳ್ಳೆಯದೇನೂ ಆಗಲಿಲ್ಲ ಎಂದಳು. ಯಾರೂ ನಗಲಿಲ್ಲ.

ಸಾಲ್ಹಾಗೆ ಮೈ ಉರಿದುಹೋಗಿತ್ತು. “ಆ ಹೆಸರಿಂದ್ಲೇ ನೀನು ಓದಿದ್ದು. ವರ್ಷ ವರ್ಷ ಆ ಮನೆ ಯಜಮಾನಿ ಲೆಲ್ಲಾ ಬಹೀಜಾ ಪುಸ್ತಕ ಕೊಡ್ಸಿದ್ದು ಮರೆತ್ಯಾ?”

“ಮರೆತಿಲ್ಲ. ಹಾಜರಿ ಕರೆಯುವಾಗ ಇಡೀ ಕ್ಲಾಸು ತಿರುಗಿ ನನ್ನ ಮುಖ ನೋಡ್ತಿದ್ದಿದ್ದೂ ಮರೆತಿಲ್ಲ.”

“ನೋಡಿದ್ರೆ ಮುಖ ಸವೆದುಹೋಯ್ತಾ?”

ಎಲ್ಲರೂ ಫರಜನ ಕಡೆ ನೋಡಿದರು. ಗಂಡ ಏನಾದರೂ ಅನ್ನಲಿ, ಮಗಳಿಗೆ ಒಂದು ಗದರಲಿ ಎಂದು ಸಾಲ್ಹಾ ಕಾದಳು. ರಾಸಾಯನಿಕ ಕಾರ್ಖಾನೆಯಲ್ಲಿ ದುಡಿದು ಶ್ವಾಸಕೋಶ ಕೆಡಿಸಿಕೊಂಡು ಹೊತ್ತಿಗೆ ಮುಂಚೆ ಮನೆಗೆ ಬಂದು ಕೂತ ಮನುಷ್ಯ. ಅವನು ಒಂದು ಸಲ ಕೆಮ್ಮಿ, ಖಾರದ ಹರೀಸಾ ಚಟ್ನಿ ಇತ್ತ ಸರಿಸಿ ಎಂದು ಕೈ ತೋರಿಸಿ, ಊಟ ಮುಂದುವರಿಸಿದ.

*

ಸಾಲ್ಹಾ ಮದುಮಕ್ಕಳಿಗೆ ಗೋರಂಟಿ ಹಾಕುವವಳು. ಗಾಬೆಸ್‌ನ ತೋಟಗಳಲ್ಲಿ ಖರ್ಜೂರದ ಮರಗಳ ಕೆಳಗೆ, ದಾಳಿಂಬೆ ಗಿಡಗಳ ಬುಡದಲ್ಲಿ ಬೆಳೆಯುವ ಸೊಪ್ಪನ್ನು ತಂದು, ಒಣಗಿಸಿ, ಕುಟ್ಟಿ, ಜರಡಿ ಹಿಡಿಯುವುದು ಅವಳ ನಿತ್ಯದ ಕೆಲಸ. ಬೆನ್ ರಹೂಮಾ ಮನೆತನದಲ್ಲಿ ಯಾವ ಮದುವೆಯಾದರೂ, ಮಕ್ಕಳ ಸುನ್ನತಿಯ ಮುಂಜಿಯಾದರೂ ಅವಳೇ ಹೋಗಬೇಕು. ಗೋರಂಟಿ ಹಾಕುವುದಷ್ಟೇ ಅಲ್ಲ, ಅಡುಗೆ, ಪಾತ್ರೆ, ಮದುಮಗಳಿಗೆ ಕಣ್ಣು ತಗಲದ ಹಾಗೆ ಎಲ್ಲರಿಗಿಂತ ಮುಂದೆ ಧೂಪ ಹಿಡಿದು ನಡೆಯುವುದು. ಕಪ್ಪು ಹೆಂಗಸು ಮುಂದೆ ನಡೆದರೆ ದೃಷ್ಟಿ ಅವಳಿಗೇ ತಾಕಿ ಹೋಗುತ್ತದೆಂದು ಅವರ ನಂಬಿಕೆ. ಕೂಲಿ ಎಂದು ಯಾರೂ ಮಾತಾಡುತ್ತಿರಲಿಲ್ಲ. ಮಿಕ್ಕ ಮಾಂಸ, ಹಳೆಯ ಬಟ್ಟೆ, ಯಜಮಾನಿಗೆ ಮನಸ್ಸು ಬಂದರೆ ಅಂಗೈಗೆ ಒಂದು ನೋಟು. ಸಾಲ್ಹಾಳ ಅಮ್ಮನೂ ಹೀಗೇ ಹೋಗುತ್ತಿದ್ದಳು.

ಹಲ್ಲೂಮಾಳ ಅಂಗಳಕ್ಕೂ ಇವರ ಅಂಗಳಕ್ಕೂ ನಡುವೆ ಒಂದೇ ಗೋಡೆ. ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ಅಲ್ಲಿ ಜನ ಸೇರುವುದು, ಚಹಾ ಗ್ಲಾಸುಗಳ ಸದ್ದು, ವಿದಾದ್ ಎದ್ದು ನಿಂತು ಮಾತಾಡುವುದು ಎಲ್ಲ ಸಾಲ್ಹಾಗೆ ಕೇಳಿಸುತ್ತಿತ್ತು. ಮಗಳು ಕೇರಿಯ ಒಂದೊಂದು ಬಾಗಿಲೂ ತಟ್ಟಿ ಬಂದಿದ್ದಳು. ಕೆಲವರು ಒಳಗೆ ಕರೆದಿದ್ದರು, ಕೆಲವರು ಬಾಗಿಲ ಸಂದಿಯಿಂದಲೇ ಕಳಿಸಿದ್ದರು. ಮೀನು ಮಾರುವ ಒಬ್ಬ ಹೂಂ ಎಂದು ಮಾರನೆಯ ದಿನ ಉಹೂಂ ಎಂದಿದ್ದ. ಜಡ್ಜಿನ ಮುಂದೆ ಹೇಗೆ ಮಾತಾಡಬೇಕೆಂದು ವಿದಾದ್ ಮುದುಕರಿಗೆ ಹೇಳಿಕೊಡುತ್ತಿದ್ದಳು: ಅಳಬೇಡಿ, ಬೇಡಬೇಡಿ, ಕೇಳಿದ್ದಕ್ಕೆ ಉತ್ತರ ಕೊಡಿ.

ಸಭೆ ಶುರುವಾದ ಕೂಡಲೇ ಸಾಲ್ಹಾ ಹಿತ್ತಾಳೆಯ ಒರಳನ್ನು ಆ ಗೋಡೆಯ ಬುಡಕ್ಕೇ ಎಳೆದುಕೊಂಡು ಸೊಪ್ಪು ಕುಟ್ಟಲು ಕೂರುತ್ತಿದ್ದಳು. ಢಣ್ ಢಣ್ ಎಂದು ಗಂಟೆಗಟ್ಟಲೆ. ಕುಟ್ಟಿದ್ದನ್ನೇ ಮತ್ತೆ ಕುಟ್ಟಿದಳು.

ಗೋಡೆಯಾಚೆಯಿಂದ ಹಲ್ಲೂಮಾ ಕೂಗಿದಳು. “ಸಾಲ್ಹಾ, ಗೋರಂಟಿ ಕುಟ್ತಿದ್ಯೋ ನಮ್ಮ ತಲೆ ಕುಟ್ತಿದ್ಯೋ?”

“ನಿಮ್ಮ ತಲೇಲಿ ಕುಟ್ಟೋಕೆ ಏನಿದೆ?”

“ಇಲ್ಲದ್ದನ್ನ ನಿನ್ನ ಮಗಳು ತುಂಬ್ತಿದಾಳೆ. ಸ್ವಲ್ಪ ಹೊತ್ತು ಕೈ ನಿಲ್ಲಿಸು.”

“ನನ್ನ ಮನೆ, ನನ್ನ ಒರಳು.”

ಆ ಸಂಜೆ ಮನೆಗೆ ಬಂದ ವಿದಾದ್ ಅಮ್ಮನ ಜೊತೆ ಮಾತಾಡಲಿಲ್ಲ. ಅವಳು ಶಿಶುವಿಹಾರದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಜುಲೈನಲ್ಲಿ ಒಂದು ದಿನ ಬೇಗ ಬಂದು ಚೀಲ ಮೂಲೆಗೆ ಎಸೆದಳು. ಒಂದಿಬ್ಬರು ತಾಯಂದಿರು ಬಂದು, ಜಗಳಗಂಟಿಯ ಕೈಗೆ ಮಕ್ಕಳನ್ನು ಕೊಡುವುದಿಲ್ಲ ಎಂದು ಹೇಳಿ ಹೋದರಂತೆ. ಒಡತಿ ಬಹಳ ನಯವಾಗಿ, ಸದ್ಯಕ್ಕೆ ಬರಬೇಡ ಎಂದಳಂತೆ.

“ಒಳ್ಳೇದೇ ಆಯ್ತು” ಎಂದಳು ಸಾಲ್ಹಾ. “ಇನ್ನು ಮನೇಲಿದ್ದು ಜರಡಿ ಹಿಡಿ.”

“ಹಿಡಿಯಲ್ಲ.”

“ಮತ್ತೆ ಕೂಳು ಎಲ್ಲಿಂದ ಬರತ್ತೆ?”

“ಅವರ ಮನೆ ಎಂಜಲು ತಿನ್ನೋ ಬದಲು ಹಸ್ಕೊಂಡಿರ್ತೀನಿ.”

“ಇರು ಹಾಗಾದ್ರೆ.”

ಮಾರನೆಯ ದಿನ ತಟ್ಟೆಯ ಸುತ್ತ ಚಮಚಗಳನ್ನಿಡುವಾಗ ಸಾಲ್ಹಾ ಮಗಳ ಚಮಚ ಇಡಲಿಲ್ಲ. ವಿದಾದ್ ಬಂದಳು, ನೋಡಿದಳು. ಶುಕ್ರಿ ತಲೆ ತಗ್ಗಿಸಿ ತಿನ್ನುತ್ತಲೇ ಇದ್ದ. ಅವಳು ಅಡುಗೆಮನೆಗೆ ಹೋಗಿ ತಾನೇ ಚಮಚ ತಂದು, ಅಜ್ಜಿಯ ಪಕ್ಕ ಮೊಣಕೈಯಿಂದ ಜಾಗ ಮಾಡಿಕೊಂಡು ಕೂತು, ಹೊಟ್ಟೆ ತುಂಬ ಉಂಡಳು. ಮುಂದಿನ ದಿನಗಳಲ್ಲೂ ಅಷ್ಟೇ. ಒಬ್ಬಳು ಇಡಲಿಲ್ಲ, ಇನ್ನೊಬ್ಬಳು ಬಿಡಲಿಲ್ಲ.

ಶುಕ್ರಿಯೂ ಸುಮ್ಮನಿರಲಿಲ್ಲ. ಸಭೆಗೆಂದು ವಿದಾದ್ ಬಾಡಿಗೆಗೆ ತಂದು ಇವರ ಅಂಗಳದಲ್ಲಿ ಜೋಡಿಸಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಒಂದು ಮಧ್ಯಾಹ್ನ ಬೀದಿಗೆಸೆದ. ಎರಡರ ಕಾಲು ಮುರಿದವು. ವಿದಾದ್ ಬೀದಿಯಲ್ಲಿ ನಿಂತು ಅವನನ್ನು ಬೆನ್ ರಹೂಮಾ ಮನೆ ನಾಯಿ ಎಂದಳು. ಅವನು ಅವಳ ಕೆನ್ನೆಗೆ ಹೊಡೆದ. ಅವಳೂ ತಿರುಗಿ ಹೊಡೆದಳು. ಕೇರಿಯೆಲ್ಲ ನೋಡಿತು. ಫರಜ್ ಹೊರಗೆ ಬಂದು, ಮಾತಿಲ್ಲದೆ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟು, ನಡುವೆ ನಡುವೆ ಉಸಿರಿಗಾಗಿ ನಿಂತು, ಕೊನೆಯದನ್ನು ಇಟ್ಟ ಮೇಲೆ ಬಾಗಿಲು ಹಾಕಿಕೊಂಡ. ಅವನು ಯಾರ ಕಡೆ ಎಂದು ಸಾಲ್ಹಾಗೆ ಆಗಲೂ ತಿಳಿಯಲಿಲ್ಲ.

*

ಆಗಸ್ಟಿನಲ್ಲಿ, ಕೇರಿಯವರೆಲ್ಲ ‘ಲೆಲ್ಲಾ’ ಎಂದರೆ ಅಮ್ಮಾವರು ಎಂದು ಕರೆಯುವ ಬಹೀಜಾಳ ಕಿರಿಯ ಮಗಳು ಸೀರೀನ್‌ಳ ಮದುವೆ ಗೊತ್ತಾಯಿತು. ಕೇರಿಯ ಹೆಂಗಸರು ಹಲ್ಲೂಮಾಳ ಅಂಗಳದಲ್ಲಿ ಸೇರಿ, ಈ ಸಲ ಯಾರೂ ಹೋಗುವುದಿಲ್ಲ ಎಂದು ನಿರ್ಧರಿಸಿದರು. ಕೂಲಿ ಎಷ್ಟೆಂದು ಮೊದಲೇ ಮಾತಾಡಿ ಕರೆಯಬೇಕು, ಊಟ ಉಗ್ರಾಣದಲ್ಲಿ ಅಲ್ಲ, ಎಲ್ಲರ ಸಾಲಿನಲ್ಲಿ ಹಾಕಬೇಕು. ಇಲ್ಲದಿದ್ದರೆ ಪಾತ್ರೆ ಅವರೇ ತೊಳೆದುಕೊಳ್ಳಲಿ. ಇದನ್ನು ಹೇಳಲು ವಿದಾದ್ ಮತ್ತು ಹಲ್ಲೂಮಾ ಹೋದಾಗ ಬೆನ್ ರಹೂಮಾ ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ.

“ಅಮ್ಮ, ನೀನು ಹೋಗ್ಬೇಡ” ಎಂದಳು ವಿದಾದ್. ಬಹಳ ದಿನಗಳ ಮೇಲೆ ನೇರವಾಗಿ ಆಡಿದ ಮಾತು ಅದು. “ಬೇರೆ ಯಾರು ಹೋದ್ರೂ ಪರವಾಗಿಲ್ಲ. ನೀನು ಹೋದ್ರೆ ನನ್ನ ಮಾತು ಯಾರು ಕೇಳ್ತಾರೆ?”

“ಸೀರೀನ್‌ನ ನನ್ನ ಬೆನ್ನ ಮೇಲೆ ಹೊತ್ತು ಬೆಳೆಸಿದೀನಿ.”

“ಆಗ ನನ್ನ ಯಾರು ಹೊತ್ಕೊಂಡಿದ್ರು?”

ಮದುವೆಯ ದಿನ ಸಾಲ್ಹಾ ಗೋರಂಟಿಯ ಡಬ್ಬ, ಧೂಪದ ಬಟ್ಟಲು ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟಳು. ಕೇರಿಯ ಬಾಗಿಲುಗಳೆಲ್ಲ ತೆರೆದಿದ್ದವು. ಮಾತಾಡಿಸಿದವರಿಲ್ಲ. ಹಲ್ಲೂಮಾ ತನ್ನ ಬಾಗಿಲ ಮುಂದೆ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸದೆ ಧೂಳನ್ನೆಲ್ಲ ಸಾಲ್ಹಾಳ ಕಾಲ ಮೇಲೇ ತಳ್ಳಿದಳು. ಸಾಲ್ಹಾ ಸೀರೆಯಂತೆ ಸುತ್ತಿದ್ದ ಮೆಲಿಯಾದ ಅಂಚು ಎತ್ತಿ ಕೊಡವಿ, ಮುಂದೆ ನಡೆದಳು.

ಮದುವೆ ಮನೆಯಲ್ಲಿ ಬಹೀಜಾ ಬಾಗಿಲಿಗೇ ಬಂದು ಅಪ್ಪಿಕೊಂಡಳು. ಬಂದವರಿಗೆಲ್ಲ ತೋರಿಸಿ, ಉಳಿದವರಿಗೆ ತಲೆ ತಿರುಗಿದೆ, ಇವಳು ಮಾತ್ರ ನಮ್ಮವಳು ಎಂದಳು. ಸಾಲ್ಹಾಗೆ ಆ ಮಾತು ಹಿತವಾಗಿಯೇ ಇತ್ತು. ಆದರೆ ಆರು ಹೆಂಗಸರು ಮಾಡುವ ಕೆಲಸ ಅವಳೊಬ್ಬಳ ತಲೆಗೆ ಬಿತ್ತು. ಕುರಿಮಾಂಸದ ಹಂಡೆಗಳು, ಕುಸ್ಕುಸ್ ಬೇಯಿಸುವುದು, ತೊಳೆದಷ್ಟೂ ಬೆಳೆಯುವ ಪಾತ್ರೆಯ ರಾಶಿ. ಊಟಕ್ಕೆ ಅವಳನ್ನು ಉಗ್ರಾಣದಲ್ಲಿ ಎಣ್ಣೆ ಡಬ್ಬಗಳ ನಡುವೆ ಕೂರಿಸಿದರು, ಎಂದಿನ ಹಾಗೆ. ಅಲ್ಲಿ ಪ್ರತಿ ಸಲ ಹಲ್ಲೂಮಾ ಇರುತ್ತಿದ್ದಳು, ಬೀಗರ ಹೆಂಗಸರ ನಡಿಗೆ ಅಣಕಿಸಿ ನಗಿಸುತ್ತಿದ್ದಳು. ಈ ಸಲ ಒಬ್ಬಳೇ ಕೂತು ತಿಂದಳು.

ಸಂಜೆ ಸೀರೀನ್‌ಳ ಕೈಗೆ ಗೋರಂಟಿ ಹಾಕುತ್ತಿದ್ದಾಗ ನೆಂಟರ ಹುಡುಗಿಯೊಬ್ಬಳು ಫೋನ್ ಹಿಡಿದು ಎದುರು ನಿಂತಳು. ಬಹೀಜಾ ನಗುತ್ತ, ಸಾಲ್ಹಾ, ಹೆಸರು ತೆಗೆಸ್ತಾರಂತಲ್ಲ, ನಿನ್ನ ಬಾಯಿಂದಲೇ ಒಂದು ಮಾತು ಹೇಳು ಎಂದಳು. ಹೆಂಗಸರೆಲ್ಲ ಸುಮ್ಮನಾಗಿ ಕೇಳಲು ಕಾದರು. ಅಷ್ಟು ಜನ ತನ್ನ ಮಾತಿಗೆ ಕಾದದ್ದು ಸಾಲ್ಹಾಳ ಜೀವಮಾನದಲ್ಲೇ ಇರಲಿಲ್ಲ.

“ಏನು ಹೇಳೋದು ಲೆಲ್ಲಾ. ನಾವು ನಿಮ್ಮವರು. ನಮ್ಮಜ್ಜಿ ಕಾಲದಿಂದ ನಿಮ್ಮವರು. ಹೆಸರು ಕೆರೆದು ಹಾಕಿದ್ರೆ ಮೈಬಣ್ಣ ಹೋಗತ್ತಾ?”

ನಗೆ ಎದ್ದಿತು. ಹೆಂಗಸರು ನಾಲಿಗೆ ಹೊರಳಿಸಿ ಮದುವೆಮನೆಯ ಸಂಭ್ರಮದ ಕೂಗು ಹಾಕಿದರು. ಯಾರೋ ಅವಳ ತಲೆ ನೇವರಿಸಿದರು. ಅವಳೂ ನಕ್ಕಳು.

*

ಮನೆಗೆ ಒಂದು ದೊಡ್ಡ ಪಾತ್ರೆ ತುಂಬ ಮಾಂಸ ಬಂತು. ಫರಜ್ ಸ್ವಲ್ಪ ತಿಂದ. ಶುಕ್ರಿ ಚೆನ್ನಾಗಿ ತಿಂದ. ಅಜ್ಜಿ ಹಲ್ಲು ನೋಯುತ್ತಿದೆ ಎಂದಳು. ವಿದಾದ್ ಪಾತ್ರೆಯ ಕಡೆ ಕಣ್ಣೂ ಹಾಯಿಸದೆ ಒಣ ರೊಟ್ಟಿಗೆ ಎಣ್ಣೆ ಹಚ್ಚಿಕೊಂಡು ತಿಂದಳು.

ಎರಡು ದಿನದ ಮೇಲೆ ಶುಕ್ರಿ ಫೋನ್ ಹಿಡಿದು ಬಂದು, ಅಮ್ಮ, ಊರೆಲ್ಲ ನಿನ್ನನ್ನೇ ನೋಡುತ್ತಿದೆ ಎಂದ. ಅವಳ ಮಾತು ಫೇಸ್‌ಬುಕ್ಕಿಗೆ ಹೋಗಿತ್ತು. ಒಂದೆರಡು ಸಾಲು ಓದಿ ಹೇಳಿ ಫೋನ್ ಜೇಬಿಗೆ ಹಾಕಿಕೊಂಡುಬಿಟ್ಟ. ಸಾಲ್ಹಾ ಅಂಗಡಿಗೆ ಹೋದರೆ ಜನ ಸರಿದು ದಾರಿ ಬಿಡುತ್ತಿದ್ದರು, ಮರ್ಯಾದೆಗಲ್ಲ. ಕೇರಿಯ ಬಾವಿಕಟ್ಟೆಯ ಹತ್ತಿರ ಒಬ್ಬಳು ಇವಳಿಗೆ ಕೇಳುವ ಹಾಗೆ, ಮೈಬಣ್ಣ ಹೋಗತ್ತಾ ಎಂದು ಅಣಕಿಸಿದಳು. ಉಳಿದವರು ಮುಖ ತಿರುಗಿಸಿದರು.

ಸಾಲ್ಹಾಗೆ ಓದು ಬರುತ್ತಿರಲಿಲ್ಲ. ಜನ ಅಲ್ಲಿ ತನ್ನನ್ನು ಏನೆಂದು ಬೈದಿದ್ದಾರೋ ತಿಳಿದುಕೊಳ್ಳದೆ ಅವಳಿಗೆ ಸಮಾಧಾನವಾಗಲಿಲ್ಲ. ಬಟ್ಟೆ ಒಣಹಾಕುತ್ತಿದ್ದ ವಿದಾದ್‌ಳ ಹತ್ತಿರ ಹೋಗಿ, ಓದಿ ಹೇಳು ಎಂದಳು.

ವಿದಾದ್ ಕೈ ಒರೆಸಿಕೊಂಡು ಫೋನ್ ತೆಗೆದಳು. ಮುಖದಲ್ಲಿ ಏನೂ ತೋರಿಸದೆ, ಮಕ್ಕಳಿಗೆ ಪಾಠ ಓದುವ ದನಿಯಲ್ಲಿ ಓದಿದಳು. “‘ಇಂಥ ವಸೀಫಾಗಳು ಈಗೆಲ್ಲಿ ಸಿಗ್ತಾರೆ, ದೇವರು ಆಯುಸ್ಸು ಕೊಡಲಿ.’ ‘ತನ್ನ ಜಾಗ ಗೊತ್ತಿರೋ ಹೆಂಗಸು.’ ‘ನಮ್ಮಜ್ಜನ ಮನೇಲೂ ಇಂಥದ್ದೊಂದಿತ್ತು, ತುಂಬ ನಿಯತ್ತಿಂದು, ಸತ್ತಾಗ ಎಲ್ಲರೂ ಅತ್ತಿದ್ವಿ.’ ‘ಹಲ್ಲು ನೋಡಿ, ಎಷ್ಟು ಚೆನ್ನಾಗಿದೆ.’”

“ಇದೆಲ್ಲ ಇರ್ಲಿ. ಬೈದಿರೋದು ಓದು.”

“ಬೈದಿಲ್ಲ ಅಮ್ಮ. ಯಾರೂ ಬೈದಿಲ್ಲ. ಎಲ್ಲಾ ಹೊಗಳಿದಾರೆ.”

ವಿದಾದ್ ಇನ್ನೂ ಓದಲು ಸಿದ್ಧಳಾಗಿಯೇ ನಿಂತಿದ್ದಳು. ಸಾಲ್ಹಾ ಬೇಡ ಎಂದು ಕೈಯಾಡಿಸಿ, ಬುಟ್ಟಿಯಲ್ಲಿ ಉಳಿದಿದ್ದ ಬಟ್ಟೆಗಳನ್ನು ತಾನೇ ಒಣಹಾಕತೊಡಗಿದಳು. ವಸೀಫಾ ಎಂದರೆ ತೊತ್ತು, ಆ ಮಾತು ಅವಳಿಗೆ ಹೊಸದಲ್ಲ. ಚಿಕ್ಕವಳಿದ್ದಾಗಿನಿಂದ ಬೀದಿಯಲ್ಲಿ ಕೇಳಿದ್ದಳು. ಕಲ್ಲೆಸೆಯುವ ಹುಡುಗರು ಅನ್ನುತ್ತಿದ್ದರು. ಇಷ್ಟು ಪ್ರೀತಿಯಿಂದ ಯಾರೂ ಅಂದಿರಲಿಲ್ಲ. ‘ಇಂಥದ್ದೊಂದಿತ್ತು’ ಎಂಬುದನ್ನು ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿ ನೋಡಿದಳು. ಹಸುವಿಗೆ ಹಾಗೆ ಅನ್ನುತ್ತಾರೆ.

*

ಸಾಲ್ಹಾ ಬಹೀಜಾಳ ಮನೆಗೆ ಹೋಗಿ, ಫೋನಿನಲ್ಲಿ ಹಾಕಿರುವ ನನ್ನ ಮಾತನ್ನು ತೆಗೆಸಿಬಿಡಿ ಎಂದು ಕೇಳಿದಳು. ಬಹೀಜಾ ಮದುವೆಯ ಚಿನ್ನದ ಪೆಟ್ಟಿಗೆಗಳನ್ನು ಎತ್ತಿಡುತ್ತಿದ್ದಳು. ಹೊಗಳಿದ್ದಕ್ಕೂ ನೊಂದುಕೊಳ್ಳುತ್ತಾರೆಯೇ ಎಂದು ಮೊದಲು ನಕ್ಕಳು. ಒಂದು ಚೀಲಕ್ಕೆ ಹಳೆಯ ಬಟ್ಟೆ ತುಂಬಿಸಿ ಕೈಗೆ ಕೊಟ್ಟಳು. ಸಾಲ್ಹಾ ಮತ್ತೆ ಕೇಳಿದಳು. ಆಗ ಬಹೀಜಾಳ ನಗೆ ನಿಂತಿತು.

“ತೆಗೆಯೋಕಾಗಲ್ಲ. ನಮ್ಮ ವಕೀಲರು ಬೇಕು ಅಂದಿದಾರೆ.”

“ವಕೀಲರು ಯಾಕೆ ಲೆಲ್ಲಾ?”

“ಆಕ್ಷೇಪಣೆ ಇದ್ರೆ ಹೇಳಿ ಅಂತ ಕೋರ್ಟಿನವರು ಪೇಪರಲ್ಲಿ ಹಾಕ್ಸಿದ್ರು, ನಾವು ಹೇಳಿದೀವಿ. ನಮ್ಮ ಮುತ್ತಾತ ಮಾಡಿದ ಪುಣ್ಯದ ಕೆಲಸ ಅದು. ಅಳಿಸಿ ಹಾಕಿ ಅಂದ್ರೆ? ನಾವೇನೋ ಪಾಪ ಮಾಡಿದ ಹಾಗೆ.” ಸಾಲ್ಹಾ ಅಲ್ಲಾಡದೆ ನಿಂತದ್ದನ್ನು ಕಂಡು ಅವಳ ದನಿ ಇನ್ನಷ್ಟು ಗಡುಸಾಯಿತು. “ನನ್ನ ಮುಂದೆ ಬಂದು ಏನೂ ಅರಿಯದ ಹಾಗೆ ನಿಂತ್ಕೋಬೇಡ. ನಿನ್ನ ಗಂಡನ ಹೆಸರೇ ಮೊದಲಿದೆ ಆ ಅರ್ಜೀಲಿ. ಆದ್ರೂ ನಿನ್ನ ಮಗನ್ನ ಇನ್ನೂ ಲಾರಿ ಮೇಲೆ ಕೂರಿಸಿದೀವಿ, ಅದನ್ನ ನೆನಪಿಟ್ಕೋ.”

ಸಾಲ್ಹಾ ಚೀಲ ಹಿಡಿದುಕೊಂಡೇ ಹೊರಗೆ ಬಂದಳು. ಅದು ಕೈಯಲ್ಲಿದೆಯೆಂದು ಅವಳಿಗೆ ಗೊತ್ತಾದದ್ದು ಕೇರಿಯ ತಿರುವಿನಲ್ಲಿ. ಕಾರ್ಖಾನೆಯ ಕಡೆಯಿಂದ ಗಾಳಿ ತಿರುಗಿ ಗಂಧಕದ ನಾತ ಹೊಡೆಯುತ್ತಿತ್ತು. ಮನೆಗೆ ಬಂದಾಗ ಫರಜ್ ಅಂಗಳದಲ್ಲಿ ಕೂತು ಮುರಿದ ಕುರ್ಚಿಯ ಕಾಲಿಗೆ ತಂತಿ ಸುತ್ತುತ್ತಿದ್ದ.

“ನೀನು ಅರ್ಜಿ ಹಾಕಿದ್ದು ಯಾವಾಗ?”

ಅವನು ತಲೆ ಎತ್ತಲಿಲ್ಲ. “ರಂಜಾನ್ ಮುಗಿದ ಮೇಲೆ.”

ಅಂದರೆ ಆ ಶುಕ್ರವಾರದ ಮೀನಿನ ಊಟಕ್ಕೂ ಮೊದಲು. ಹರೀಸಾ ಸರಿಸಿ ಎಂದು ಕೈ ತೋರಿಸಿದ ದಿನ ಅವನು ಆಗಲೇ ಹೆಬ್ಬೆಟ್ಟು ಒತ್ತಿ ಬಂದಿದ್ದ. ಮಗಳು ಕೇಳಿದ್ದೂ ನಾಟಕ, ಇವನು ಸುಮ್ಮನಿದ್ದದ್ದೂ ನಾಟಕ. ನೋಡುವವಳು ತಾನೊಬ್ಬಳೇ.

“ಅತ್ತೆಗೆ ಗೊತ್ತಿತ್ತಾ?”

“ಅವಳೂ ಒತ್ತಿದಾಳೆ.”

“ಮೂವತ್ತು ವರ್ಷ ನಿನ್ನ ಕಫದ ಬಟ್ಟೆ ಒಗೆದಿದೀನಿ” ಎಂದಳು ಸಾಲ್ಹಾ. “ನನ್ನ ಮನೆ ಸುದ್ದಿ ನಾನು ಆ ಲೆಲ್ಲಾ ಬಾಯಿಂದ ಕೇಳ್ಬೇಕಾ?”

ಫರಜ್ ತಂತಿ ಕೆಳಗಿಟ್ಟ. ಉಸಿರು ಎಳೆದುಕೊಂಡು, ತಡೆದು ತಡೆದು ಹೇಳಿದ. “ನಿನಗೆ ಹೇಳಿದ್ರೆ ಸಂಜೆ ಒಳಗೆ ಅವಳ ಅಡುಗೆಮನೆ ಮುಟ್ಟತ್ತೆ. ಅಮ್ಮಂಗೆ ಹೇಳೋಣ ಅಂತ ವಿದಾದ್ ಅಂದ್ಲು. ಬೇಡ ಅಂದಿದ್ದು ನಾನು.”

“ನಾನೇನು ಶತ್ರುನಾ?”

“ಗೊತ್ತಿಲ್ಲ. ಮದುವೆ ದಿನ ಯಾರ ಕಡೆ ಹೋದೆ ನೀನು?”

ಅವಳು ಕೈಯಲ್ಲಿದ್ದ ಚೀಲವನ್ನು ಅವನ ಮೇಲೆಸೆದಳು. ಬಹೀಜಾಳ ಹಳೆಯ ರವಿಕೆಗಳು, ಒಂದು ಮಖಮಲ್ಲಿನ ಕೋಟು ಅಂಗಳದ ತುಂಬ ಚೆಲ್ಲಿದವು. ಕಾರ್ಖಾನೆಯಲ್ಲಿ ಮೇಸ್ತ್ರಿ ನಿನ್ನ ಮುಖಕ್ಕೆ ಏನೇನೋ ಅಂದಾಗ ಇರದ ಪೌರುಷ ಈಗ ಬಂತೇ ಎಂದಳು. ಆಗ ಬಾರದ್ದಕ್ಕೇ ಈಗ ಬಂತು ಎಂದ ಅವನು. ಗೋಡೆಯಾಚೆ ಹಲ್ಲೂಮಾಳ ಅಂಗಳ ಗಪ್ಪಾಗಿತ್ತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

*

ಕೋರ್ಟಿನ ದಿನ ಸಾಲ್ಹಾ ಹೋಗಲಿಲ್ಲ. ಅಲ್ಲಿ ಆದದ್ದನ್ನು ಅತ್ತೆ ಮನ್ನೂಬಿಯಾ ಬಂದು ಹೇಳಿದಳು. ಆ ಕಡೆಯ ವಕೀಲ, ಇವರಿಗೇ ಈ ಹೆಸರು ಬೇಕಾಗಿದೆ, ನೋಡಿ ಎಂದು ಫೋನಿನಲ್ಲಿ ಸಾಲ್ಹಾಳ ಮಾತು ಹಾಕಿ ತೋರಿಸಿದ. ಅವಳ ನಗು ಕೋರ್ಟಿನ ತುಂಬ ಕೇಳಿಸಿತು. ಇವಳು ನಿಮ್ಮ ಹೆಂಡತಿಯೇ ಎಂದು ಜಡ್ಜು ಫರಜನನ್ನು ಕೇಳಿದ.

“ಏನಂದ?” ಸಾಲ್ಹಾ ಕೇಳಿದಳು.

“ಹೌದು ಸ್ವಾಮಿ, ಅವಳು ಹೇಳಿದ್ದು ಅವಳ ಹೆಸರಿನ ವಿಷಯ, ನಾನು ಕೇಳ್ತಿರೋದು ನಂದು, ಅಂದ. ಕೆಮ್ಮು ಬರದೇನೇ ಅಂದ.” ಮುದುಕಿ ಕಾಲು ಚಾಚಿಕೊಂಡಳು. “ನೀರು ಕೊಡು. ಇಂಥ ಮಾತು ಕೇಳೋಕೆ ಇಷ್ಟು ವರ್ಷ ಬದುಕಿರ್ಬೇಕಾಯ್ತು.”

ತೀರ್ಪು ಅಕ್ಟೋಬರಿನಲ್ಲಿ ಬಂತು. ಅರ್ಜಿ ಹಾಕಿದವರಿಗೆಲ್ಲ ಅತೀಗ್ ಎಂಬ ಮಾತೂ ಹೋಯಿತು, ಅದಕ್ಕಂಟಿಕೊಂಡ ಮನೆತನದ ಹೆಸರೂ ಹೋಯಿತು. ಹಲ್ಲೂಮಾಳ ಅಂಗಳದಲ್ಲಿ ಡೋಲು ಬಾರಿಸಿದರು. ಅದೇ ವಾರ ಬೆನ್ ರಹೂಮಾ ಮನೆಯವರು ಶುಕ್ರಿಯ ಕೈಯಿಂದ ಕೀಲಿ ಕಿತ್ತುಕೊಂಡರು. ತಾನು ಏನೂ ಕೇಳಿರಲಿಲ್ಲ, ಏನೂ ಮಾಡಿರಲಿಲ್ಲ, ಹೆಸರು ಬದಲಾಗಿದ್ದೂ ತನ್ನನ್ನು ಕೇಳಿ ಅಲ್ಲ ಎಂದು ಅವನು ಮನೆಯಲ್ಲಿ ಕೂಗಾಡಿದ. ಒಲೆಯ ಮೇಲಿದ್ದ ಪಾತ್ರೆಯನ್ನು ಒದ್ದ. ಸಾಲ್ಹಾ ಅವನ ಬಟ್ಟೆ ಮಡಿಸಿಕೊಡಲು ಹೋದರೆ ಕೈ ತಳ್ಳಿ ತಾನೇ ತುಂಬಿಕೊಂಡು ಕೆಲಸ ಹುಡುಕಿ ಸ್ಫಾಕ್ಸ್ ಪಟ್ಟಣಕ್ಕೆ ಹೊರಟುಹೋದ. ತಂಗಿಗೆ ಅವನು ಕೊನೆಗೆ ಹೇಳಿದ್ದು, ನಿನ್ನ ಹೊಸ ಹೆಸರನ್ನು ಬೇಯಿಸಿಕೊಂಡು ತಿನ್ನು ಎಂದು.

ಹೊಸ ಚೀಟಿಗಳು ಬಂದಾಗ ವಿದಾದ್ ಅವನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಫರಜ್ ತನ್ನ ತಾತ ಸಾದ್‌ನ ಹೆಸರು ತೆಗೆದುಕೊಂಡಿದ್ದ. ಮಕ್ಕಳಿಗೂ ಅದೇ. ಸಾಲ್ಹಾಳದ್ದು ಇರಲಿಲ್ಲ. ಮದುವೆಯಾದ ಹೆಣ್ಣಿಗೂ ಅಲ್ಲಿ ತವರಿನ ಹೆಸರೇ ಇರುವುದು. ಸಾಲ್ಹಾ ಫರಜನ ಚಿಕ್ಕಪ್ಪನ ಮಗಳು, ಅವಳ ಅಪ್ಪನೂ ಅತೀಗ್ ಬೆನ್ ರಹೂಮಾ. ಅಪ್ಪ ಸತ್ತು ಬಹಳ ಕಾಲವಾಗಿತ್ತು. ಅವಳ ಹೆಸರು ಬದಲಾಗಬೇಕಾದರೆ ಅವಳೇ ಹೋಗಿ ಕೇಳಬೇಕು.

“ಈಗ ಈ ಮನೇಲಿ ಅವರವಳು ನೀನೊಬ್ಬಳೇ” ಎಂದಳು ವಿದಾದ್.

ಹೊಡೆಯಲು ಸಾಲ್ಹಾಳ ಕೈ ಎದ್ದಿತು. ಹೊಡೆಯಲಿಲ್ಲ. ಈರುಳ್ಳಿ ಹೆಚ್ಚಲು ಕೂತಳು.

ಸ್ವಲ್ಪ ದಿನಕ್ಕೆ ಶುಕ್ರಿಯ ಜಾಗಕ್ಕೆ ಬಂದಿದ್ದ ಹೊಸ ಚಾಲಕ ಅದೇ ಲಾರಿಯನ್ನು ಬಾಗಿಲಿಗೆ ತಂದು ನಿಲ್ಲಿಸಿ, ಲೆಲ್ಲಾ ಬಹೀಜಾ ಮನೆಯಲ್ಲಿ ಮೊಮ್ಮಗನ ಮುಂಜಿ, ನಾಳೆ ಬೆಳಿಗ್ಗೆ ಬರಬೇಕಂತೆ ಎಂದ. ಸಾಲ್ಹಾ ಬಾಗಿಲಿಗೆ ಬಂದಳು. ಗೋರಂಟಿಯ ಕೈ ಒರೆಸಿಕೊಂಡಳು. ಬಾಯಿಗೆ ಹೂಂ ಎಂಬ ಮಾತೇ ಬಂದಿತ್ತು.

“ಕೂಲಿ ಎಷ್ಟು ಅಂತ ಕೇಳ್ಕೊಂಡು ಬಾ.”

ಅವನಿಗೆ ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಅವನು ಹೋದವನು ಮರಳಿ ಬರಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ಬಟ್ಟೆ ಬದಲಿಸಿ ಸಿದ್ಧಳಾಗಿಯೇ ಕೂತಿದ್ದಳು. ಬಿಸಿಲೇರಿದ ಮೇಲೆ ಎದ್ದು ಹಳೆಯ ಬಟ್ಟೆ ಉಟ್ಟುಕೊಂಡಳು.

ಹಲ್ಲೂಮಾಳ ಅಂಗಳದಲ್ಲಿ ಎರಡನೆಯ ತಂಡದ ಅರ್ಜಿಗಳು ಶುರುವಾಗಿದ್ದವು. ಮೊದಲು ಹೆದರಿದವರು, ಉಹೂಂ ಎಂದಿದ್ದವರು ಈಗ ಬರುತ್ತಿದ್ದ ಕಾಲ. ವಿದಾದ್ ಮೇಜು ಹಾಕಿಕೊಂಡು ಬರೆದುಕೊಳ್ಳುತ್ತಿದ್ದಳು. ಸಾಲ್ಹಾ ಬೀದಿಯ ಬಾಗಿಲಿನಿಂದ ಒಳಗೆ ಹೋದಳು.

“ಗೋಡೆ ಆಚೆಯಿಂದ ಕೇಳಿದ್ದು ಸಾಲ್ದು ಅಂತ ಕಣ್ಣಾರೆ ನೋಡೋಕೆ ಬಂದ್ಯಾ?” ಎಂದಳು ಹಲ್ಲೂಮಾ. “ಏನು ಹೇಳ್ಕೊಂಡು ಬಾ ಅಂದ್ಲು ನಿಮ್ಮ ಲೆಲ್ಲಾ?”

“ಅರ್ಜಿ ಹಾಕೋಕೆ ಬಂದೆ.”

ಯಾರೋ ನಕ್ಕರು. ಚಾಪೆಯ ಮೇಲೆ ಕೂತಿದ್ದ ಹೆಂಗಸರಲ್ಲಿ ಒಬ್ಬರೂ ಸರಿದು ಜಾಗ ಕೊಡಲಿಲ್ಲ. ಸಾಲ್ಹಾ ಬಿಸಿಲಿನಲ್ಲಿ ಸಾಲಿನ ಕೊನೆಗೆ ನಿಂತಳು. ಅವಳ ಹಿಂದೆ ಬಂದವನೊಬ್ಬ ಅವಳನ್ನು ದಾಟಿ ಮುಂದೆ ಹೋಗಿ ನಿಂತ. ಚಹಾದ ತಟ್ಟೆ ಅವಳ ಮುಂದಿನಿಂದಲೇ ಹಾದುಹೋಯಿತು.

ಸರದಿ ಬಂದಾಗ ವಿದಾದ್ ಹೊಸ ಕಾಗದ ತೆಗೆದುಕೊಂಡಳು. ಕಣ್ಣೆತ್ತಿ ನೋಡಲಿಲ್ಲ.

“ಹೆಸರು ಹೇಳಿ.”

ಹೇಳು ಅನ್ನಲಿಲ್ಲ, ಹೇಳಮ್ಮ ಅನ್ನಲಿಲ್ಲ. ಗುರುತಿಲ್ಲದವರ ಜೊತೆ ಆಡುವ ಮರ್ಯಾದೆಯ ಮಾತು. ಸಾಲ್ಹಾ ಮೇಜಿನ ಅಂಚು ಹಿಡಿದುಕೊಂಡಳು.

“ಸಾಲ್ಹಾ.”

“ಪೂರ್ತಿ ಹೆಸರು ಹೇಳಿ. ಅಪ್ಪನ ಹೆಸರು, ಮನೆತನ. ಸ್ವಲ್ಪ ಜೋರಾಗಿ.”

ಇಡೀ ಅಂಗಳ ಕಿವಿಗೊಟ್ಟಿತ್ತು. ಮದುವೆ ಮನೆಯಲ್ಲೂ ಹೀಗೇ ಕಿವಿಗೊಟ್ಟಿದ್ದರು. ಸಾಲ್ಹಾಗೆ ಬೆನ್ನ ಹಿಂದೆ ಹಲ್ಲೂಮಾ ನಿಂತಿರುವುದು ಗೊತ್ತಾಗುತ್ತಿತ್ತು.

“ಸಾಲ್ಹಾ” ಎಂದಳು ಗಟ್ಟಿಯಾಗಿ, “ಅಮ್ಮಾರ್‌ನ ಮಗಳು. ಅತೀಗ್ ಬೆನ್ ರಹೂಮಾ.” ವಿದಾದ್‌ಳ ಪೆನ್ನು ಕಾಗದದ ಮೇಲೆ ಓಡಿ ನಿಲ್ಲುವ ತನಕ ಕಾದಳು. “ಬರ್ಕೊಂಡ್ಯಾ? ಈಗ ಹೊಡೆದ್ಹಾಕು.”

ವಿದಾದ್ ಆಗಲೂ ತಲೆ ಎತ್ತಲಿಲ್ಲ. ಶಾಯಿಯ ಪುಟ್ಟ ಪೆಟ್ಟಿಗೆಯನ್ನು ಅಮ್ಮನ ಕಡೆ ಸರಿಸಿ, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಬೆರಳಿಟ್ಟು ತೋರಿಸಿದಳು.